ಮಾವಳ್ಳಿಯ ಮಯ್ಯರ ಉಪಾಹಾರಗೃಹ

ರವೆ ಇಡ್ಲಿಯನ್ನು ಮೆಚ್ಚಿ ತಿನ್ನುವ ಬೆಂಗಳೂರಿಗರಲ್ಲಿ, ಅದು ಅಕ್ಕಿಯ ಅಭಾವದಿಂದ ಹುಟ್ಟಿದ ತಿಂಡಿಯೆಂಬುದನ್ನು ನೆನೆಯುವವರು ವಿರಳ. ಕರಾವಳಿಯಿಂದ ಬಂದ ಯಜ್ಞನಾರಾಯಣ ಮಯ್ಯರೂ ಅವರ ಸಹೋದರರೂ 1924ರಲ್ಲಿ ಲಾಲ್‌ಬಾಗ್ ಸಮೀಪದಲ್ಲಿ ತೆರೆದ ‘ಬ್ರಾಹ್ಮಿನ್ ಕಾಫಿ ಕ್ಲಬ್’ ಕಾಫಿಗೂ ಇಡ್ಲಿಗೂ ಹೆಸರಾಗಿದ್ದ ಸಣ್ಣ ಅಂಗಡಿ. ದ್ವಿತೀಯ ಮಹಾಯುದ್ಧದಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಯ ಅಕ್ಕಿ ಬರುವುದು ನಿಂತಾಗ, ಇಡ್ಲಿಯನ್ನೇ ನಂಬಿದ್ದ ಅಂತಹ ಅಂಗಡಿಗೆ ಒದಗಿದ ಸಂಕಟವನ್ನು ಊಹಿಸಬಹುದು. ಮಯ್ಯರ ಅಡುಗೆಮನೆ ಅಕ್ಕಿಯನ್ನು ಬಿಟ್ಟು ರವೆಯನ್ನು ಹಿಡಿಯಿತು: ತುಪ್ಪದಲ್ಲಿ ಸಾಸಿವೆ, ಕಡಲೆಬೇಳೆ, ಕರಿಬೇವುಗಳ ಒಗ್ಗರಣೆ ಸಿಡಿಸಿ, ಅದರಲ್ಲಿಯೇ ರವೆಯನ್ನು ಘಮ್ಮೆನ್ನುವಂತೆ ಹುರಿದು, ಆರಿದ ಮೇಲೆ ಮೊಸರಿನಲ್ಲಿ ಕಲಸಿ, ಚಿಟಿಕೆ ಸೋಡಾ ಬೆರಸಿ, ತಟ್ಟೆಯ ಕುಳಿಯಲ್ಲಿ ಗೋಡಂಬಿಯೊಂದನ್ನಿಟ್ಟು ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸುವುದು. ರುಬ್ಬುವ ಶ್ರಮವಿಲ್ಲ, ಹಿಟ್ಟು ಹುಳಿಯಲೆಂದು ರಾತ್ರಿಯಿಡೀ ಕಾಯಬೇಕಾಗಿಯೂ ಇಲ್ಲ.

ಆದರೂ ನನ್ನ ಮಟ್ಟಿಗೆ ಮಯ್ಯರ ನಿಜವಾದ ನಾವೀನ್ಯ ಇಡ್ಲಿಯಲ್ಲ. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯುರೋಪ್ ಖಂಡವನ್ನು ಸಂಚರಿಸಿ, ಅಲ್ಲಿಯ ಭೋಜನಶಾಲೆಗಳು ನಡೆಯುವ ಕ್ರಮವನ್ನು ಕಂಡು ಬಂದರು. ಅವರು ಅಲ್ಲಿಂದ ತಂದುದು ವಿದೇಶೀ ತಿನಿಸನ್ನಲ್ಲ, ಶುಚಿತ್ವದ ಶಿಸ್ತನ್ನು; ಪಾತ್ರೆಗಳನ್ನೂ ಲೋಟಗಳನ್ನೂ ಹಬೆಯಿಂದ ಶುದ್ಧಗೊಳಿಸುವ ಪದ್ಧತಿ ಆಮೇಲೆ ಮಾವಳ್ಳಿಯ ಅಡುಗೆಮನೆಯಲ್ಲಿ ನೆಲೆಯೂರಿತು. 1960ರಲ್ಲಿ ಸಂಸ್ಥೆ ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂದು ‘ಮಾವಳ್ಳಿ ಟಿಫಿನ್ ರೂಮ್ಸ್’ ಎಂಬ ಹೆಸರನ್ನು ತಳೆಯಿತು. ಒಲೆಯನ್ನು ಗಿರಾಕಿಯ ಕಣ್ಣಿಗೆ ಬೀಳದಂತೆ ಮರೆಮಾಡುವ ಹೋಟೆಲುಗಳ ನಡುವೆ, ಗಿರಾಕಿಗಳನ್ನು ಅಡುಗೆಮನೆಯ ಮೂಲಕವೇ ಒಳಗೆ ಕರೆದೊಯ್ಯುತ್ತಿದ್ದ ಈ ಮನೆಯವರ ಧೈರ್ಯ ಸಾಮಾನ್ಯವಾದುದಲ್ಲ. ರುಚಿಯನ್ನು ಕಂಡು ಅನುಕರಿಸುವುದು ಪ್ರತಿಸ್ಪರ್ಧಿಗೆ ಸುಲಭ. ದಿನದಿನವೂ ಪಾತ್ರೆ ಬೆಳಗುವ ಬೇಸರವನ್ನು ಅನುಕರಿಸಲು ಮುಂದೆ ಬರುವವರು ಕಡಮೆ.

ಮತ್ತೊಂದು ಅಡಚಣೆ ತುರ್ತುಪರಿಸ್ಥಿತಿಯ ಕಾಲದಲ್ಲಿ ಬಂದಿತು. ಉಪಾಹಾರಗೃಹಗಳು ಅತ್ಯಲ್ಪ ಬೆಲೆಗೆ ತಿಂಡಿಗಳನ್ನು ಮಾರಬೇಕೆಂಬ ಸರಕಾರದ ನಿರ್ಬಂಧದಿಂದ ನಷ್ಟ ಬೆಳೆಯತೊಡಗಿತು. ದರಕ್ಕೆ ತಕ್ಕಂತೆ ಪದಾರ್ಥವನ್ನು ಕೀಳುಗೊಳಿಸುವುದಕ್ಕಿಂತ ಬಾಗಿಲು ಮುಚ್ಚುವುದೇ ಲೇಸೆಂದು ಆಗ ಸಂಸ್ಥೆಯನ್ನು ನಡೆಸುತ್ತಿದ್ದ ಹರಿಶ್ಚಂದ್ರ ಮಯ್ಯರು ನಿಶ್ಚಯಿಸಿದರು. ಒಲೆ ಆರಿತಾದರೂ ಕೈಗಳು ಸುಮ್ಮನಿರಲಿಲ್ಲ. ರವೆ ಇಡ್ಲಿಗೆ ಬೇಕಾದ ಹಿಟ್ಟನ್ನೂ ಸಾರಿನ ಪುಡಿ ಮೊದಲಾದುವನ್ನೂ ಪೊಟ್ಟಣಗಳಲ್ಲಿ ಕಟ್ಟಿ ಮಾರುವ ಉದ್ಯಮ ಬೆಳೆದುದು ಆ ನಿರ್ಬಂಧದ ಫಲವಾಗಿಯೇ. ಹುಳಿಯಬೇಕಾದ ಅಕ್ಕಿಯ ಹಿಟ್ಟಿಗೆ ಅಂದು ಈ ಯೋಗವಿರಲಿಲ್ಲ. ಒಣಗಿದ್ದು ಕೆಡದೆ ಉಳಿಯುವ ರವೆಗಿತ್ತು. ಯುದ್ಧಕಾಲದ ಕೊರತೆಗೆ ಕಂಡುಕೊಂಡ ಉಪಾಯ ಮೂರು ದಶಕಗಳ ಬಳಿಕ ಹೀಗೆ ಇನ್ನೊಂದು ಸಂಕಟಕ್ಕೂ ಒದಗಿತು.

ಪೊಟ್ಟಣದ ವ್ಯಾಪಾರ ಹೋಟೆಲನ್ನು ಮೀರಿ ಬೆಳೆದು, 2007ರಲ್ಲಿ ನಾರ್ವೆ ದೇಶದ ಆರ್ಕ್ಲಾ ಸಂಸ್ಥೆಯ ಕೈಸೇರಿತು. ಲಾಲ್‌ಬಾಗ್ ರಸ್ತೆಯ ಉಪಾಹಾರಗೃಹವನ್ನು ಮಾತ್ರ ಮಯ್ಯ ಕುಟುಂಬದವರು ಮಾರಲಿಲ್ಲ.