‘ಎಕ್ಸ್‌ಪೀರಿಯನ್ಸ್ ಎಷ್ಟು ವರ್ಷ?’: ಲಾರಿ ಸ್ಟೇರಿಂಗಿನ ಹಿಂದಿರೋ ಜಾತಿ ಚರಿತ್ರೆ

ಸ್ವಲ್ಪ ಉದ್ದದ ಬರಹ ಇದು, ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ಕೇರಿಯ ಹುಡುಗ ಒಬ್ಬ ಕಷ್ಟಪಟ್ಟು ಲೈಸೆನ್ಸ್ ಮಾಡಿಸ್ಕೊಂಡು ಲಾರಿ ಆಫೀಸಿಗೆ ಹೋಗ್ತಾನೆ. ಅಲ್ಲಿ ಕೇಳೋ ಮೊದಲ ಪ್ರಶ್ನೆ, "ಎಕ್ಸ್‌ಪೀರಿಯನ್ಸ್ ಎಷ್ಟು ವರ್ಷ?" ಇಲ್ಲ ಸಾರ್ ಅಂದ್ರೆ, "ಎಲ್ಲಾದ್ರೂ ಕಲಿತ್ಕೊಂಡು ಬಾ, ಆಮೇಲೆ ನೋಡೋಣ." ಎಲ್ಲಿ ಕಲೀಬೇಕು? ಯಾರ ಗಾಡಿಯಲ್ಲಿ ಕಲೀಬೇಕು? ಅಪ್ಪನದ್ದು ಲಾರಿ ಇಲ್ಲ, ಮಾವನದ್ದು ಟ್ರಾನ್ಸ್‌ಪೋರ್ಟ್ ಕಂಪನಿ ಇಲ್ಲ. ಲಕ್ಷಾಂತರ ರೂಪಾಯಿಯ ಗಾಡಿ, ಅದರ ಮೇಲೆ ಇನ್ನಷ್ಟು ಲಕ್ಷದ ಲೋಡು. ಹೊಸಬನ ಕೈಗೆ ಯಾರು ಕೊಡ್ತಾರೆ ಅನ್ನೋದು ಓನರ್‌ಗಳ ಮಾತು. ಕೇಳೋಕೆ ನ್ಯಾಯವಾಗೇ ಇದೆ. ಆದರೆ ಈ 'ಅನುಭವ' ಅನ್ನೋದು ಕೆಲವರ ಮನೆಗೆ ತಾನಾಗೇ ಬಂತು, ಕೆಲವರ ಕೇರಿಗೆ ಬರಲೇ ಇಲ್ಲ. ಯಾಕೆ ಅಂತ ತಿಳೀಬೇಕಾದ್ರೆ ಲಾರಿಗಿಂತ ಹಿಂದಕ್ಕೆ, ಎತ್ತಿನಗಾಡಿ ಕಾಲಕ್ಕೆ ಹೋಗಬೇಕು.

1901ನೇ ಇಸವಿ. ಬಾಬಾಸಾಹೇಬರಿಗೆ ಆಗ ಸುಮಾರು ಹತ್ತು ವರ್ಷ. ತಂದೆ ಕೋರೆಗಾಂವ್‌ನಲ್ಲಿ ಬರಗಾಲದ ಕೆರೆ ಕಾಮಗಾರಿಯ ಕ್ಯಾಷಿಯರ್. ಅವರನ್ನ ನೋಡೋಕೆ ಸಾತಾರದಿಂದ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ರೈಲು ಹತ್ತಿ ಮಸೂರ್ ಸ್ಟೇಷನ್ನಿನಲ್ಲಿ ಇಳೀತಾರೆ. ಬರ್ತೀವಿ ಅಂತ ಬರೆದ ಕಾಗದ ತಂದೆಗೆ ತಲುಪಿರಲಿಲ್ಲ, ಕರೆದೊಯ್ಯೋಕೆ ಯಾರೂ ಬಂದಿರಲಿಲ್ಲ. ಒಳ್ಳೆ ಬಟ್ಟೆ ಹಾಕಿದ್ದ ಮಕ್ಕಳು ಮಹಾರರು ಅಂತ ಗೊತ್ತಾದ ಕೂಡಲೇ ಸ್ಟೇಷನ್ ಮಾಸ್ಟರ್ ಮುಖ ಬದಲಾಯ್ತು. ಹೊರಗೆ ನಿಂತಿದ್ದ ಗಾಡಿಯವರಲ್ಲಿ ಒಬ್ಬನೂ ಬರೋಕೆ ಒಪ್ಪಲಿಲ್ಲ. ದುಪ್ಪಟ್ಟು ಬಾಡಿಗೆ ಕೊಡ್ತೀವಿ ಅಂದ್ರೂ ಒಪ್ಪಲಿಲ್ಲ. ಕೊನೆಗೆ ಆದ ಒಪ್ಪಂದ ಏನು ಗೊತ್ತಾ? ಬಾಡಿಗೆ ಎರಡು ಪಟ್ಟು, ಗಾಡಿ ಹೊಡೆಯೋದು ಮಕ್ಕಳೇ, ಗಾಡಿಯವನು ಪಕ್ಕದಲ್ಲಿ ನಡ್ಕೊಂಡು ಬರ್ತಾನೆ! ದುಡ್ಡು ಮೈಲಿಗೆ ಆಗಲಿಲ್ಲ, ಆ ಮಕ್ಕಳನ್ನ ಕೂರಿಸ್ಕೊಂಡು ಗಾಡಿ ಹೊಡೆಯೋದು ಮಾತ್ರ ಮೈಲಿಗೆ ಆಯ್ತು.

ಇಪ್ಪತ್ತೆಂಟು ವರ್ಷ ಆದ್ಮೇಲೆ, 1929ರಲ್ಲಿ, ಚಾಳೀಸ್‌ಗಾಂವ್. ಈಗ ಅವರು ಬ್ಯಾರಿಸ್ಟರ್. ಅಸ್ಪೃಶ್ಯರ ಕುಂದುಕೊರತೆ ವಿಚಾರಿಸೋಕೆ ಮುಂಬೈ ಸರ್ಕಾರ ನೇಮಿಸಿದ ಸಮಿತಿಯ ಸದಸ್ಯ. ಅಲ್ಲಿನ ನಮ್ಮ ಜನ ತಮ್ಮ ಕೇರಿಯಲ್ಲಿ ಒಂದು ರಾತ್ರಿ ಉಳೀಬೇಕು ಅಂತ ಪಟ್ಟು ಹಿಡಿದರು. ಸ್ಟೇಷನ್ನಿನಿಂದ ಕರ್ಕೊಂಡು ಹೋಗೋಕೆ ಟಾಂಗಾದವರಲ್ಲಿ ಯಾರೂ ಒಪ್ಪಲಿಲ್ಲ. ಗಾಡಿ ಬಾಡಿಗೆಗೆ ಬೇಕಾದ್ರೆ ಕೊಡ್ತೀವಿ, ನಾವು ಹೊಡೆಯಲ್ಲ ಅಂದರು. ಇಷ್ಟು ದೊಡ್ಡ ಮನುಷ್ಯರನ್ನ ನಡೆಸ್ಕೊಂಡು ಹೋಗೋದಾ ಅಂತ ನಮ್ಮವರೇ ಒಬ್ಬರು ಲಗಾಮು ಹಿಡಿದರು. ಆ ಮನುಷ್ಯ ಜೀವಮಾನದಲ್ಲಿ ಟಾಂಗಾ ಹೊಡೆದಿರಲಿಲ್ಲ. ದಾರಿಯಲ್ಲಿ ಒಂದು ಮೋಟಾರು ಕಾರಿಗೆ ಗುದ್ದೋದು ಸ್ವಲ್ಪದರಲ್ಲಿ ತಪ್ಪಿತು. ಮುಂದೆ ಸೇತುವೆ ಮೇಲೆ ಕಲ್ಲುಗಳ ನಡುವೆ ಚಕ್ರ ಸಿಕ್ಕಿಹಾಕ್ಕೊಂಡು ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಎಸೆಯಲ್ಪಟ್ಟರು. ಕುದುರೆ, ಗಾಡಿ ನದಿಗೆ ಬಿದ್ದವು. ಅವರ ಕಾಲಿಗೆ ಪೆಟ್ಟಾಗಿ ಎಷ್ಟೋ ದಿನ ಸರಿಯಾಗಿ ನಡೆಯೋಕೆ ಆಗಲಿಲ್ಲ. ಎರಡೂ ಘಟನೆಗಳನ್ನ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಬರೆದಿದ್ದಾರೆ.

ಈ ಘಟನೆಯನ್ನ ನಾವು ಸಾಮಾನ್ಯವಾಗಿ ಟಾಂಗಾದವನ ಜಾತಿ ಸೊಕ್ಕಿನ ಕತೆಯಾಗಿ ಹೇಳ್ತೀವಿ. ಲಗಾಮು ಹಿಡಿದ ನಮ್ಮ ಆ ಹಿರಿಯನ ಕಡೆಯಿಂದಲೂ ಒಮ್ಮೆ ನೋಡಿ. ಅವನು ಅನನುಭವಿ ಚಾಲಕ, ನಿಜ. ಆದರೆ ಅವನಿಗೆ ಟಾಂಗಾ ಕಲಿಸೋರು ಯಾರಿದ್ದರು? ಮೇಲ್ಜಾತಿ ಪ್ರಯಾಣಿಕರು ಅವನ ಗಾಡಿ ಹತ್ತುತ್ತಿದ್ದರಾ? ಕಲಿಯೋ ದಾರಿ ಮುಚ್ಚಿದ್ದು ಸಮಾಜ. ಅಪಘಾತ ಆದಾಗ ಕೈಯಲ್ಲಿ ಲಗಾಮು ಇದ್ದಿದ್ದು ನಮ್ಮವನದ್ದು. ಇವತ್ತಿನ ಲಾರಿ ಹುಡುಗನ ಕತೆಯಲ್ಲೂ ಇದೇ ನಡೀತಿದೆ ಅನ್ನೋದು ನನ್ನ ವಾದ.

ಮೋಟಾರು ಬಂದಾಗ ಒಂದು ಆಸೆಯೂ ಬಂತು. 1914ರಲ್ಲಿ ಬ್ರಿಟಿಷ್ ಸರ್ಕಾರ ಮೋಟಾರು ವಾಹನಕ್ಕೆ ಅಂತ ಕಾಯ್ದೆ ಮಾಡ್ತು, 1939ರಲ್ಲಿ ಇನ್ನೊಂದು, ಸ್ವತಂತ್ರ ಭಾರತದಲ್ಲಿ 1988ರದ್ದು. ಮೂರರಲ್ಲೂ ಗಾಡಿ ಓಡಿಸೋಕೆ ಬೇಕಾಗಿದ್ದು ಲೈಸೆನ್ಸ್. ಲೈಸೆನ್ಸಿನಲ್ಲಿ ಜಾತಿ ಕಾಲಂ ಇಲ್ಲ. ಎತ್ತು ಸಾಕೋಕೆ ಹೊಲ ಬೇಕು, ಹುಲ್ಲು ಬೇಕು. ಮೋಟಾರಿಗೆ ಡೀಸೆಲ್ ಸಾಕು. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸೋಕೆ ಶುರು ಮಾಡಿದ ಮೇಲೆ ಲಾರಿ ಊರೂರಿಗೆ ಬಂತು. ಊರು ಬಿಡಬೇಕು ಅಂತಿದ್ದ ನಮ್ಮ ಎಷ್ಟೋ ಹುಡುಗರಿಗೆ ಅದು ಊರಾಚೆಗಿನ ದಾರಿ. ಹೈವೇಯಲ್ಲಿ ನೀನು ಯಾರ ಮಗ ಅಂತ ಕೇಳೋರಿಲ್ಲ.

ಆದರೆ ಲಾರಿ ಕೊಂಡವರು ಯಾರು? ಜಮೀನು ಇದ್ದವರು, ಮಂಡಿ ಇಟ್ಟವರು, ಬ್ಯಾಂಕಿಗೆ ಜಾಮೀನು ಕೊಡಬಲ್ಲವರು. ಲಾರಿ ಹತ್ತಿರ ನಮ್ಮ ಜನ ಮೊದಲು ಬಂದಿದ್ದು ಹೆಚ್ಚಾಗಿ ಹಿಂದಿನ ಡಾಲಾ ಕಡೆಯಿಂದ: ಮೂಟೆ ಹೊರೋ ಹಮಾಲಿಯಾಗಿ, ಮರಳು, ಇಟ್ಟಿಗೆ ತುಂಬೋ ಕೂಲಿಯಾಗಿ, ನಗರಗಳಲ್ಲಿ ಕಸದ ಲಾರಿಯ ಲೋಡರ್ ಆಗಿ. ಡಾಲಾದಿಂದ ಕ್ಯಾಬಿನ್‌ಗೆ ಇರೋ ದೂರ ನಾಲ್ಕೇ ಹೆಜ್ಜೆ. ಅದನ್ನ ದಾಟೋಕೆ ಕೆಲವರಿಗೆ ಒಂದು ತಲೆಮಾರು ಬೇಕಾಯ್ತು.

ದಾಟಿಸ್ತಾ ಇದ್ದಿದ್ದು ಕ್ಲೀನರ್ ಕೆಲಸ. ಡ್ರೈವಿಂಗ್ ಸ್ಕೂಲಿನ ಮೆಟ್ಟಿಲು ಹತ್ತದವರಿಗೆ ಅದೇ ಯೂನಿವರ್ಸಿಟಿ. ಟೈರಿಗೆ ಕಬ್ಬಿಣದ ರಾಡಿನಿಂದ ಹೊಡೆದು ಸದ್ದಿನಲ್ಲೇ ಗಾಳಿ ಅಳೆಯೋದು, ಟಾರ್ಪಾಲು ಹಾಕಿ ಹಗ್ಗ ಬಿಗಿಯೋದು, ರಸ್ತೆ ಬದಿಯಲ್ಲಿ ಅನ್ನ ಬೇಯಿಸೋದು, ರಿವರ್ಸ್ ತಗೊಳ್ಳುವಾಗ ಹಿಂದೆ ನಿಂತು "ಬರ್ಲಿ, ಬರ್ಲಿ" ಅಂತ ಕೂಗೋದು. ವರ್ಷಗಟ್ಟಲೆ ಇದನ್ನ ಮಾಡಿದ ಮೇಲೆ ಯಾವತ್ತೋ ಒಂದು ರಾತ್ರಿ, ಖಾಲಿ ಗಾಡಿಯಲ್ಲಿ, ಉಸ್ತಾದ್ ಮನಸ್ಸು ಮಾಡಿದ್ರೆ ಸ್ಟೇರಿಂಗ್ ಸಿಗ್ತಿತ್ತು. ಪಾಠ ಇಲ್ಲ, ಪಗಾರ ಕಮ್ಮಿ, ಬೈಗುಳ ಜಾಸ್ತಿ. ಇನ್ನು ಉಸ್ತಾದ್ ಯಾರನ್ನ ಕ್ಲೀನರ್ ಮಾಡ್ಕೋತಾನೆ? ತನ್ನ ಊರವನನ್ನ, ತನ್ನ ಸಂಬಂಧಿಕನನ್ನ, ಒಂದೇ ತಟ್ಟೆಯಲ್ಲಿ ಊಟ ಮಾಡಬಲ್ಲವನನ್ನ. ಕ್ಯಾಬಿನ್ ಅಂದ್ರೆ ಒಟ್ಟಿಗೆ ಉಣ್ಣೋ, ಒಟ್ಟಿಗೆ ಮಲಗೋ ಜಾಗ. ಜಾತಿ ಅಲ್ಲಿ ಬೋರ್ಡ್ ಹಾಕ್ಕೊಂಡು ಕೂರಲ್ಲ, ಸುಮ್ಮನೆ ಸೀಟು ಹಿಡಿದಿರುತ್ತೆ.

ಇದಕ್ಕೆ ಹೋಲಿಸಿ ಸರ್ಕಾರಿ ಬಸ್ ನೋಡಿ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳಿಂದ ರಸ್ತೆ ಸಾರಿಗೆ ಶುರು ಮಾಡ್ತು, 1961ರಲ್ಲಿ ಅದು ನಿಗಮ ಆಯ್ತು. ಅಲ್ಲಿ ಮೀಸಲಾತಿ ಇತ್ತು, ತರಬೇತಿ ಇತ್ತು, ಪಿಂಚಣಿ ಇತ್ತು. ಖಾಕಿ ಹಾಕಿದ ಅಪ್ಪಂದಿರು ನಮ್ಮ ಎಷ್ಟೋ ಮನೆಗಳ ಮಕ್ಕಳನ್ನ ಓದಿಸಿದರು. ಖಾಸಗಿ ಲಾರಿಯಲ್ಲಿ ಅಂಥ ಬಾಗಿಲು ಯಾವತ್ತೂ ಇರಲಿಲ್ಲ.

ಇದ್ದ ಸಣ್ಣ ಕಿಂಡಿಗಳನ್ನೂ ಕಾನೂನು ಒಂದೊಂದಾಗಿ ಮುಚ್ಚಿತು. 1988ರ ಕಾಯ್ದೆ ಪ್ರಕಾರ ಸಾರಿಗೆ ವಾಹನ ಓಡಿಸೋಕೆ 20 ವರ್ಷ ಆಗಿರಬೇಕು. ಅದರ ಎಲ್‌ಎಲ್‌ಆರ್ ಬೇಕಂದ್ರೆ ಲಘು ವಾಹನದ ಲೈಸೆನ್ಸ್ ಕೈಗೆ ಬಂದು ಒಂದು ವರ್ಷ ಆಗಿರಬೇಕು. ಸುರಕ್ಷತೆಗೆ ಬೇಕಾದ ನಿಯಮಗಳೇ, ತಕರಾರಿಲ್ಲ. ಆದರೆ 2007ರಲ್ಲಿ ಇನ್ನೊಂದು ಸೇರಿಸಿದರು: ಸಾರಿಗೆ ವಾಹನದ ಲೈಸೆನ್ಸಿಗೆ ಎಂಟನೇ ಕ್ಲಾಸ್ ಪಾಸಾಗಿರಬೇಕು. ನಾಲ್ಕು ವರ್ಷದ ನಂತರದ 2011ರ ಜನಗಣತಿ ನೋಡಿ. ಕರ್ನಾಟಕದ ಒಟ್ಟು ಸಾಕ್ಷರತೆ ಶೇ. 75.4, ಪರಿಶಿಷ್ಟ ಜಾತಿಗಳಲ್ಲಿ ಶೇ. 65.3. ಸಾಕ್ಷರತೆಯೇ ಹೀಗಿರುವಾಗ ಎಂಟನೇ ಕ್ಲಾಸಿನ ಗೆರೆ ಯಾರನ್ನ ಹೊರಗಿಡ್ತು ಅಂತ ಬಿಡಿಸಿ ಹೇಳಬೇಕಾ? ಶಾಲೆ ಬಿಡಿಸಿದ್ದೂ ಬಡತನ, ಶಾಲೆ ಬಿಟ್ಟಿದ್ದಕ್ಕೆ ಸ್ಟೇರಿಂಗ್ ಕಿತ್ಕೊಂಡಿದ್ದೂ ಅದೇ ಬಡತನದ ಮೇಲೆ.

ಹನ್ನೆರಡು ವರ್ಷ ಈ ನಿಯಮ ಇತ್ತು. 2019ರಲ್ಲಿ ತೆಗೆದರು. ಹರಿಯಾಣದ ಮೇವಾತ್ ಭಾಗದಲ್ಲಿ ಡ್ರೈವಿಂಗ್ ನಂಬಿ ಬದುಕೋ ಬಡವರ ಕಷ್ಟವನ್ನ ಅಲ್ಲಿನ ಸರ್ಕಾರ ಎತ್ತಿತ್ತು. ಜೊತೆಗೆ ಕೇಂದ್ರ ಸಾರಿಗೆ ಸಚಿವಾಲಯ ಕೊಟ್ಟ ಲೆಕ್ಕ, ದೇಶದಲ್ಲಿ ಸುಮಾರು 22 ಲಕ್ಷ ಡ್ರೈವರ್‌ಗಳ ಕೊರತೆ ಇದೆ ಅನ್ನೋದು. ಡ್ರೈವಿಂಗಿಗೆ ಓದಿಗಿಂತ ಕೌಶಲ ಮುಖ್ಯ ಅನ್ನೋದು ಆಗ ಹೊಳೀತು.

ಅದರ ಹಿಂದಿನ ವರ್ಷ ಇನ್ನೊಂದು ಕಿಂಡಿ ಮುಚ್ಚಿತ್ತು. ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಡ್ರೈವರ್ ಇರಬೇಕು, ಒಬ್ಬ ಓಡಿಸುವಾಗ ಇನ್ನೊಬ್ಬ ಮಲಗೋಕೆ ಸೀಟಿರಬೇಕು ಅನ್ನೋ ನಿಯಮವನ್ನ 2018ರಲ್ಲಿ ಕೈಬಿಟ್ಟರು. ಮಾಲೀಕರಿಗೆ ಒಂದು ಸಂಬಳ ಉಳೀತು. ಆದರೆ ಆ ಎರಡನೇ ಸೀಟು ಹೊಸದಾಗಿ ಲೈಸೆನ್ಸ್ ಪಡೆದವನು ಹಳಬನ ಪಕ್ಕ ಕೂತು ಘಾಟಿ ಇಳಿಸೋದು, ರಾತ್ರಿ ಓಡಿಸೋದು ಕಲಿಯೋ ಜಾಗ ಆಗಿತ್ತು. ಸೀಟು ತೆಗೆದ ಮೇಲೂ "ಎಕ್ಸ್‌ಪೀರಿಯನ್ಸ್ ಎಲ್ಲಿ?" ಅಂತ ಕೇಳೋದು ಮಾತ್ರ ನಿಲ್ಲಲಿಲ್ಲ.

ಇನ್ನು ದುಡಿಮೆಯ ಗಂಟೆ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. 1946ರ ತಿದ್ದುಪಡಿಯಲ್ಲಿ ಕಾರ್ಖಾನೆ ಕೆಲಸ ವಾರಕ್ಕೆ 54 ಗಂಟೆಯಿಂದ 48ಕ್ಕೆ ಇಳೀತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಅದೇ ಲೆಕ್ಕವನ್ನ ರಸ್ತೆಗೂ ತಂತು: ದಿನಕ್ಕೆ 8 ಗಂಟೆ, ವಾರಕ್ಕೆ 48. ಆದರೆ ಐದು ಅಥವಾ ಹೆಚ್ಚು ಕಾರ್ಮಿಕರಿರೋ ಸಂಸ್ಥೆಗೆ ಮಾತ್ರ. ಒಂದು, ಎರಡು ಲಾರಿ ಇಟ್ಟ ಓನರ್‌ಗಳೇ ತುಂಬಿರೋ ಈ ಧಂದೆಯಲ್ಲಿ ಬಹುಪಾಲು ಡ್ರೈವರ್‌ಗಳು ಹೊರಗೇ ಉಳಿದರು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಈ ಐದರ ಗೆರೆಯನ್ನ ಹತ್ತಕ್ಕೆ ಏರಿಸಿದೆ! 2025ರ ಅಕ್ಟೋಬರ್‌ನಿಂದ ತಯಾರಾಗೋ ಹೊಸ ಲಾರಿಗಳ ಕ್ಯಾಬಿನ್‌ಗೆ ಏಸಿ ಕಡ್ಡಾಯ, ಒಳ್ಳೇದೇ. ಆದರೆ ತಂಪಾದ ಕ್ಯಾಬಿನ್ನಿನಲ್ಲಿ ಹದಿನಾರು ಗಂಟೆ ಓಡಿಸಿದ್ರೂ ನಿದ್ದೆ ನಿದ್ದೆಯೇ.

ಈಗ ಚಾಳೀಸ್‌ಗಾಂವ್ ಸೇತುವೆಯನ್ನ ಮತ್ತೆ ನೆನಪಿಸ್ಕೊಳ್ಳಿ. ನಿರ್ಲಕ್ಷ್ಯದಿಂದ ಸಾವು ಆದ್ರೆ ಹಳೆ ಐಪಿಸಿಯಲ್ಲಿ ಗರಿಷ್ಠ ಎರಡು ವರ್ಷ ಇತ್ತು, ಹೊಸ ನ್ಯಾಯ ಸಂಹಿತೆಯಲ್ಲಿ ಐದು ವರ್ಷ. ತಿಳಿಸದೆ ಓಡಿಹೋದ್ರೆ ಹತ್ತು ವರ್ಷ ಅಂತ ಬರೆದಾಗ, 2024ರ ಜನವರಿ ಮೊದಲ ವಾರ ಡ್ರೈವರ್‌ಗಳು ದೇಶಾದ್ಯಂತ ಗಾಡಿ ನಿಲ್ಲಿಸಿದರು. ಅದಕ್ಕೇ ಆ ವರ್ಷ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಒಂದು ಉಪಕಲಂ ತಡೆಹಿಡಿಯಬೇಕಾಯ್ತು. ಅದೇ, ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟ ಮಾಲೀಕನಿಗೆ ಮೋಟಾರು ಕಾಯ್ದೆಯ 180ನೇ ಕಲಂ ಕೊಡೋ ಶಿಕ್ಷೆ? ಹೆಚ್ಚೆಂದರೆ ಮೂರು ತಿಂಗಳು ಅಥವಾ 5,000 ರೂಪಾಯಿ ದಂಡ, ಇಲ್ಲಾ ಎರಡೂ. ಸತ್ತವರ ಮನೆಗೆ ನ್ಯಾಯ ಬೇಕೇ ಬೇಕು. ಆದರೆ ಕಲಿಸದೆ, ಮಲಗೋಕೆ ಬಿಡದೆ ಕಳಿಸಿದವನು ಕಟಕಟೆಗೆ ಬರದಿದ್ರೆ ಅದು ಅರ್ಧ ನ್ಯಾಯ.

ಹೊಸದಾಗಿ ಈ ಕೆಲಸಕ್ಕೆ ಹೊರಟಿರೋ ತಮ್ಮಂದಿರಿಗೆ, ತಂಗಿಯರಿಗೆ ಕೆಲವು ಮಾತು. ಹೆವಿ ಲೈಸೆನ್ಸ್ ಇಲ್ಲ ಅಂತ ಕೈಕಟ್ಟಿ ಕೂರಬೇಡಿ. ಲಘು ವಾಹನದ ಲೈಸೆನ್ಸಿನಲ್ಲೇ 7,500 ಕೆಜಿ ಒಳಗಿನ ಸರಕು ವಾಹನ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಅಲ್ಲಿಂದ ಶುರು ಮಾಡಿ, ಮೊದಲು ಹಗಲು, ಮೊದಲು ಹತ್ತಿರದ ಊರು. ಕೀ ಮುಟ್ಟೋ ಮುಂಚೆ ಗಾಡಿಯ ಇನ್ಶೂರೆನ್ಸ್, ಎಫ್‌ಸಿ, ಪರ್ಮಿಟ್ ನೋಡಿ, ಫೋಟೋ ತೆಗೆದಿಟ್ಕೊಳ್ಳಿ. ಲೈಸೆನ್ಸ್ ಇಲ್ಲದೆ "ಸ್ವಲ್ಪ ದೂರ ಹೊಡಿ" ಅಂದ್ರೆ ಇಳಿದು ನಿಲ್ಲಿ. ನಿದ್ದೆ ಬಂದಾಗ ಗಾಡಿ ಸೈಡಿಗೆ ಹಾಕೋದು ಹೇಡಿತನ ಅಲ್ಲ. ಸಂಬಳ ಬ್ಯಾಂಕ್ ಖಾತೆಗೇ ಹಾಕಿಸ್ಕೊಳ್ಳಿ, ನಾಳೆ ಅದೇ ನಿಮ್ಮ ಅನುಭವದ ದಾಖಲೆ.

ಸಂಘಟನೆಯ ಗೆಳೆಯರಿಗೆ: ಸ್ವಾವಲಂಬಿ ಸಾರಥಿ ಯೋಜನೆಯಲ್ಲಿ ಪರಿಶಿಷ್ಟ ಯುವಜನರಿಗೆ ಗಾಡಿ ಕೊಳ್ಳೋಕೆ ಶೇ. 75, ಗರಿಷ್ಠ 4 ಲಕ್ಷ ರೂಪಾಯಿ ಸಹಾಯಧನ ಇದೆ. ಒಳ್ಳೆಯದು. ಆದರೆ ಗಾಡಿ ಕೊಟ್ಟರೆ ಸಾಲದು, ಹಳೆ ಡ್ರೈವರ್ ಪಕ್ಕ ಕೂತು ಸಂಬಳದ ಜೊತೆ ಕಲಿಯೋ ಅವಕಾಶ ಸರ್ಕಾರವೇ ಕೊಡಬೇಕು. ನಿಗಮದ ಡಿಪೋಗಳಿವೆ, ತರಬೇತಿ ಕೇಂದ್ರಗಳಿವೆ, ನಿವೃತ್ತರಾದ ನಮ್ಮ ಹಿರಿಯ ಡ್ರೈವರ್‌ಗಳಿದ್ದಾರೆ. ದೂರದ ಲಾರಿಗೆ ಎರಡನೇ ಡ್ರೈವರ್ ನಿಯಮ ವಾಪಸ್ ಬರಬೇಕು. ಒಂದೇ ಲಾರಿಯ ಡ್ರೈವರ್‌ಗೂ ಎಂಟು ಗಂಟೆ ಕಾನೂನು ಅನ್ವಯ ಆಗಬೇಕು. ನಿಮ್ಮೂರಿನ ಸಭೆಯಲ್ಲಿ ಈ ಮೂರು ಬೇಡಿಕೆ ಇಡಿ, ಮನವಿ ಪತ್ರದಲ್ಲಿ ಬರೀರಿ.

ನಿಮ್ಮ ಮನೆಯಲ್ಲಿ ಮೊದಲು ಸ್ಟೇರಿಂಗ್ ಹಿಡಿದವರು ಯಾರು, ಅವರಿಗೆ ಕಲಿಸಿದ್ದು ಯಾರು? ಕಾಮೆಂಟಿನಲ್ಲಿ ಬರೀರಿ. ಈ ಚರಿತ್ರೆಯನ್ನ ನಮ್ಮ ಬದಲು ಬೇರೆಯವರು ಬರೆಯಲ್ಲ.

ಜೈ ಭೀಮ್.