ಶಾಪದ ಲೆಕ್ಕದಲ್ಲಿ ಹೆಣ್ಣುಮಕ್ಕಳು

ತಲಕಾಡಿನ ಶಾಪ ಕೇಳದ ಹೆಂಗಸು ನಮ್ಮ ಮೈಸೂರು ಸೀಮೆಯಲ್ಲಿ ಸಿಗುವುದು ಕಷ್ಟ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಗೆದ್ದರು. ಅಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಜನ ಹೆಂಡತಿ ಅಲಮೇಲಮ್ಮ. ಆಕೆಯ ಒಡವೆಗಳು ರಂಗನಾಯಕಿ ಅಮ್ಮನವರಿಗೆ ಸೇರಬೇಕೆಂದು ಆಳುಗಳು ಬೆನ್ನಟ್ಟಿದರಂತೆ. ಒಡವೆಗಂಟಿನ ಸಮೇತ ಆಕೆ ಕಾವೇರಿಗೆ ಹಾರಿದಳಂತೆ. ಹಾರುವ ಮುಂಚೆ ತಲಕಾಡಿಗೆ ಮರಳನ್ನೂ ಮಾಲಂಗಿಗೆ ಮಡುವನ್ನೂ ಮೈಸೂರು ದೊರೆಗಳಿಗೆ ಬಂಜೆತನವನ್ನೂ ಶಪಿಸಿದಳು ಎಂಬುದು ಕತೆ.

ಮರಳಿನ ಮಾತು ಬಿಡಿ. ನದಿಯ ತಿರುವು, ಬೇಸಿಗೆಯ ಗಾಳಿ, ಮೇಲುಗಡೆ ಕಟ್ಟಿದ ಮಾಧವಮಂತ್ರಿ ಕಟ್ಟೆ ಎಂದು ತಿಳಿದವರು ಕಾರಣ ಹೇಳಿದ್ದಾರೆ. ನನಗೆ ಸೋಜಿಗವೆನಿಸುವುದು ಮಕ್ಕಳ ಲೆಕ್ಕ.

ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತೆಗೆದುಕೊಂಡರು. ನಾಲ್ವಡಿಯವರಿಗೆ ಮಕ್ಕಳಿಲ್ಲದೆ 1940ರಲ್ಲಿ ತಮ್ಮನ ಮಗ ಜಯಚಾಮರಾಜರು ಪಟ್ಟಕ್ಕೆ ಬಂದರು. ಶ್ರೀಕಂಠದತ್ತ ಒಡೆಯರು 2013ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡರು. ಶಾಪ ಫಲಿಸಿತಲ್ಲ ಎನ್ನುತ್ತಾರೆ. ಹಾಗಾದರೆ 1884ರಲ್ಲಿ ನಾಲ್ವಡಿಯವರು, 1953ರಲ್ಲಿ ಶ್ರೀಕಂಠದತ್ತರು ದೊರೆಗಳ ಮಕ್ಕಳಾಗಿಯೇ ಹುಟ್ಟಿದರಲ್ಲ ಎಂದರೆ, ‘ಅದು ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅಲಮೇಲಮ್ಮನ ಶಾಪದಲ್ಲಿ ಈ ತಲೆಮಾರಿನ ಬಿಡುವು ಎಲ್ಲಿತ್ತು? ಲೆಕ್ಕ ತಪ್ಪಿದಾಗಲೆಲ್ಲ ಭವಿಷ್ಯವಾಣಿಗೆ ಹೀಗೆ ತೇಪೆ ಹಾಕುತ್ತಾ ಬಂದವರು ನಾವೇ.

ಇನ್ನೂ ಒಂದು ಸಂಗತಿಯಿದೆ. 1865ರಲ್ಲಿ ದತ್ತು ಬಂದ ಚಾಮರಾಜೇಂದ್ರರು ಬೇರೆ ಯಾರೋ ಅಲ್ಲ, ಮುಮ್ಮಡಿಯವರ ಮಗಳ ಮಗ. ಜಯಚಾಮರಾಜರಿಗೆ ಒಬ್ಬ ಮಗನ ಜೊತೆ ಐವರು ಹೆಣ್ಣುಮಕ್ಕಳು. ಆ ಐವರಲ್ಲಿ ಹಿರಿಯವರಾದ ಗಾಯತ್ರಿದೇವಿಯವರ ಮಗಳ ಮಗನೇ 2015ರಲ್ಲಿ ದತ್ತು ಬಂದ ಯದುವೀರರು. ಎರಡು ಸಲವೂ ವಂಶದ ಬಳ್ಳಿ ಹಬ್ಬಿದ್ದು ಹೆಣ್ಣಿನಿಂದ. ಹೆಣ್ಣುಮಕ್ಕಳನ್ನು ಮಕ್ಕಳ ಸಾಲಿಗೇ ಸೇರಿಸದಿದ್ದರೆ ಮಾತ್ರ ಶಾಪ ನಿಲ್ಲುತ್ತದೆ! ಎರಡು ಹೆಣ್ಣು ಹೆತ್ತವಳನ್ನೂ ‘ಪಾಪ, ಇನ್ನೂ ಒಂದೂ ಆಗಲಿಲ್ಲ’ ಎನ್ನುವ ನಮ್ಮ ಬೀದಿಯ ಲೆಕ್ಕವೂ ಇದೇ ತಾನೆ? ಅರಮನೆಯ ಹೆಸರಿನಲ್ಲಿ ಹೇಳಿದರೆ ಅದೇ ಮಾತು ಇತಿಹಾಸವಾಗುತ್ತದೆ.

ಚಾಮರಾಜೇಂದ್ರರ ರಾಣಿ ಕೆಂಪನಂಜಮ್ಮಣ್ಣಿಯವರು ಶಾಪಗ್ರಸ್ತ ಎಂದೆನಿಸಿಕೊಂಡ ಅದೇ ಮನೆಗೆ ಸೊಸೆಯಾಗಿ ಬಂದವರು. ಗಂಡನನ್ನು ಕಳೆದುಕೊಂಡ ಮೇಲೆ, ಎಳೆಯ ಮಗನ ಪರವಾಗಿ 1902ರವರೆಗೆ ರಾಜ್ಯಭಾರ ನಡೆಸಿದರು. ವಾಣೀವಿಲಾಸ ಎಂದರೆ ಅವರೇ. ಬೆಂಗಳೂರಿನ ವಾಣೀವಿಲಾಸ ಆಸ್ಪತ್ರೆಗೆ ಇಂದಿಗೂ ಎಲ್ಲೆಲ್ಲಿಂದಲೋ ಹೆಂಗಸರು ಹೆರಿಗೆಗೆ ಬರುತ್ತಾರೆ.