ಡಬ್ಬಿಯೊಳಗಿನ ಹೆಸರು

ತಿರುಗುವ ಟೇಬಲ್ ಫ್ಯಾನಿನ ಮುಂದೆ ಮುಖವಿಟ್ಟು ‘ಆ...’ ಎಂದು ಕೂಗದೆ ಬೆಳೆದ ಮಕ್ಕಳು ಕಡಿಮೆ. ದನಿ ತುಂಡು ತುಂಡಾಗಿ, ನಡುಗುತ್ತಾ ನಮಗೇ ಮರಳಿ ಬರುತ್ತದೆ. ಇನ್ನೊಂದು ಸಲ, ಮತ್ತೊಂದು ಸಲ ಎಂದು ಕೂಗುತ್ತಿರುವಾಗಲೇ ಅಡುಗೆಮನೆಯಿಂದ ಅಮ್ಮ ‘ಕೂದಲು ಸಿಕ್ಕಿಕೊಂಡೀತು, ಈಚೆ ಬಾರೇ’ ಎಂದು ಗದರುತ್ತಾಳೆ. ಗಿಟಾರು ನುಡಿಸುವವರು ಇಂಥ ನಡುಕಕ್ಕೆ ಟ್ರೆಮೊಲೊ ಎನ್ನುತ್ತಾರೆ. ಇಟಾಲಿಯನ್ ಭಾಷೆಯಲ್ಲಿ ಆ ಮಾತಿಗೆ ನಡುಗುವುದು ಎಂದೇ ಅರ್ಥ. ಗಿಟಾರಿನ ದನಿಗೆ ಈ ನಡುಕ ತರುವ ಪುಟ್ಟ ಡಬ್ಬಿಯನ್ನು ಕಾಲಿನಿಂದ ಒತ್ತುವುದರಿಂದ ಪೆಡಲ್ ಎಂದು ಕರೆಯುತ್ತಾರೆ. ಅಂಥದೊಂದನ್ನು ನಾನು ಮತ್ತು ನಮ್ಮ ಶಾಲೆಯ ವಿಜ್ಞಾನದ ಟೀಚರು ಸೇರಿ ಒಂದು ದಸರಾ ರಜೆಯಲ್ಲಿ ಮನೆಯಲ್ಲೇ ಮಾಡಿದೆವು.

ಮಗ ಕೆಲಸಕ್ಕೆಂದು ಊರು ಬಿಟ್ಟಾಗ ಅವನ ಎಲೆಕ್ಟ್ರಿಕ್ ಗಿಟಾರೂ ಪುಟ್ಟ ಆಂಪ್ಲಿಫೈಯರೂ ಮಂಚದ ಕೆಳಗೆ ಸೇರಿದ್ದವು. ಧೂಳು ಒರೆಸಲೆಂದು ತೆಗೆದ ನಾನು ನಿಧಾನವಾಗಿ ಅದರಲ್ಲಿ ಒಂದೆರಡು ಹಾಡು ಹುಡುಕಿಕೊಳ್ಳತೊಡಗಿದೆ. ವಿಜ್ಞಾನದ ಟೀಚರನ್ನು ನಾನು ಅಕ್ಕ ಎಂದೇ ಕರೆಯುವುದು. ವಸ್ತುಪ್ರದರ್ಶನಕ್ಕಾಗಿ ಮಕ್ಕಳ ಜೊತೆ ಕೂತು ಏನೇನೋ ಮಾಡುತ್ತಾ ಅವರಿಗೆ ಬೆಸುಗೆಯ ಹುಚ್ಚು ಹಿಡಿದಿತ್ತು. ಅದು ನನಗೂ ಅಂಟಿತು. ‘ಅಂಗಡಿಯಲ್ಲಿ ಸಾವಿರಗಟ್ಟಲೆ ಕೇಳ್ತಾರೆ ಟೀಚರೇ. ಒಳಗಿರೋದೇನು? ಮಿನುಗೋ ಒಂದು ದೀಪ, ಅದನ್ನ ನೋಡ್ಕೊಂಡು ಕೂರೋ ಒಂದು ರೆಸಿಸ್ಟರು. ನಾವೇ ಮಾಡೋಣ ಬನ್ನಿ’ ಎಂದರು.

ಇದು ಬರೀ ಉಳಿತಾಯದ ಮಾತಾಗಿರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಕ್ರಾಫ್ಟ್ ಪೀರಿಯಡ್ಡಿನಲ್ಲಿ ಹುಡುಗರಿಗೆ ವೈರಿಂಗು, ಹುಡುಗಿಯರಿಗೆ ಕಸೂತಿ. ನನಗೂ ವೈರಿಂಗ್ ಕಲಿಯಬೇಕೆಂದು ಕೇಳಿದಾಗ ಮೇಷ್ಟ್ರು, ‘ಕೈ ಸುಟ್ಕೊಂಡ್ರೆ ನಿನ್ನ ಯಾರಮ್ಮ ಮದುವೆ ಆಗ್ತಾರೆ?’ ಎಂದರು. ಇಡೀ ತರಗತಿ ನಕ್ಕಿತು. ಆ ಹೊತ್ತಿಗೆ ಸೌದೆ ಒಲೆಯ ಮುಂದೆ ಕೂತು ರೊಟ್ಟಿ ಸುಟ್ಟು ನನ್ನ ಕೈಮೇಲೆ ಮೂರು ಸುಟ್ಟ ಕಲೆಗಳಿದ್ದವು. ಅವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅಕ್ಕನ ಕಥೆಯೂ ಹೆಚ್ಚುಕಡಿಮೆ ಇದೇ. ಅವರು ಬೆಸುಗೆ ಕಲಿತದ್ದು ನಲವತ್ತು ದಾಟಿದ ಮೇಲೆ.

ನಾನು ಪಾಠ ಹೇಳುವುದು ಸಮಾಜ ವಿಜ್ಞಾನ. ಏನೇ ಕೈಗೆ ಬಂದರೂ ಇದನ್ನು ಮೊದಲು ಮಾಡಿದವರು ಯಾರು ಎಂದು ಕೇಳುವುದು ನನ್ನ ಚಾಳಿ. ಅಕ್ಕ ಸರ್ಕ್ಯೂಟಿನ ಚಿತ್ರ ಓದುತ್ತಿದ್ದರೆ ನಾನು ಅದರ ಚರಿತ್ರೆ ಓದುತ್ತಿದ್ದೆ.

ನಡುಕದಲ್ಲಿ ಎರಡು ಬಗೆ. ನಮ್ಮ ವೀಣೆಯಲ್ಲಿ ಕಂಪಿತ ಗಮಕ ನುಡಿಸುವಾಗ ಸ್ವರವೇ ಚೂರು ಮೇಲೆ, ಚೂರು ಕೆಳಗೆ ಓಲಾಡುತ್ತದೆ. ಪಶ್ಚಿಮದವರು ಅದಕ್ಕೆ ವೈಬ್ರಾಟೊ ಎನ್ನುತ್ತಾರೆ. ಟ್ರೆಮೊಲೊದಲ್ಲಿ ಸ್ವರ ಇದ್ದಲ್ಲೇ ಇರುತ್ತದೆ. ದನಿ ಮಾತ್ರ ಏರಿ ಇಳಿಯುತ್ತದೆ, ರೇಡಿಯೋದ ವಾಲ್ಯೂಮನ್ನು ಯಾರೋ ಸೆಕೆಂಡಿಗೆ ಐದಾರು ಸಲ ತಿರುಗಿಸಿದಂತೆ. ಯುರೋಪಿನ ಚರ್ಚುಗಳ ದೊಡ್ಡ ಆರ್ಗನ್ನುಗಳಲ್ಲಿ, ಕೊಳವೆಗಳಿಗೆ ಹೋಗುವ ಗಾಳಿಯನ್ನೇ ಅಲುಗಿಸಿ ದನಿಗೆ ನಡುಕ ಕೊಡುವ ಸಾಧನ 16ನೆಯ ಶತಮಾನದಲ್ಲೇ ಇತ್ತು.

ವಿದ್ಯುತ್ ಗಿಟಾರು ಬಂದ ಮೇಲೆ ಅಮೆರಿಕದ ಓಹಾಯೋ ರಾಜ್ಯದ ಟೊಲೀಡೊ ಊರಿನ ಹ್ಯಾರಿ ಡಿಆರ್ಮಂಡ್ 1940ರ ದಶಕದಲ್ಲಿ ಒಂದು ಪೆಟ್ಟಿಗೆ ಮಾಡಿದರು. ಅದರೊಳಗೆ ಒಂದು ಮೋಟಾರು, ಒಂದು ಪುಟ್ಟ ಡಬ್ಬಿ, ಡಬ್ಬಿಯಲ್ಲಿ ವಿದ್ಯುತ್ ಹರಿಯುವಂಥ ದ್ರವ. ಮೋಟಾರು ಡಬ್ಬಿಯನ್ನು ಅಲುಗಿಸಿದಾಗ ದ್ರವ ತುಳುಕಿ ಒಂದು ಲೋಹದ ಕಡ್ಡಿಗೆ ತಾಗುತ್ತದೆ. ತಾಗಿದಾಗಲೆಲ್ಲ ಗಿಟಾರಿನ ಸದ್ದಿನಲ್ಲಿ ಒಂದು ಪಾಲು ಭೂಮಿಗೆ ಇಳಿದುಹೋಗುತ್ತದೆ, ದನಿ ತಗ್ಗುತ್ತದೆ. ಇದನ್ನು ಓದಿದಾಗ ನನಗೆ ನೆನಪಾದದ್ದು ತುಂಬಿದ ಕೊಡ ಸೊಂಟದ ಮೇಲಿಟ್ಟುಕೊಂಡು ಬರುವಾಗಿನ ತುಳುಕಾಟ.

ಆ ಪೆಟ್ಟಿಗೆಯ ಸದ್ದನ್ನು ಲೋಕಕ್ಕೆಲ್ಲ ಕೇಳಿಸಿದವರು ಷಿಕಾಗೊದ ಕಪ್ಪು ಜನಾಂಗದ ಸಂಗೀತಗಾರ ಬೊ ಡಿಡ್ಲಿ. 1928ರಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿ, ತಾಯಿಯ ಬಂಧುವಿನ ಸಾಕುಮಗನಾಗಿ ಷಿಕಾಗೊಗೆ ಬಂದವರು. ಚರ್ಚಿನಲ್ಲಿ ಪಿಟೀಲು ಕಲಿತರು. ಅವರಿಗೆ ಮೊದಲ ಗಿಟಾರು ಕೊಟ್ಟದ್ದು ಅಕ್ಕ. 1955ರ ಮಾರ್ಚಿನಲ್ಲಿ ತಮ್ಮ ಹೆಸರನ್ನೇ ಇಟ್ಟ ಹಾಡನ್ನು ಅವರು ರೆಕಾರ್ಡ್ ಮಾಡಿದಾಗ ಅದರ ತುಂಬ ಈ ನಡುಕವೇ. ಕೊಂಡ ಪೆಟ್ಟಿಗೆಗಿಂತ ಮೊದಲು, ಗುಜರಿಯ ಕಾರಿನ ಬಿಡಿಭಾಗಗಳನ್ನೂ ಕೀಲಿ ಕೊಡುವ ಗಡಿಯಾರವನ್ನೂ ಸೇರಿಸಿ ತಾನೇ ಒಂದನ್ನು ಮಾಡಿಕೊಂಡಿದ್ದೆ ಎಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ‘ನೋಡಿದ್ರಾ, ನಮ್ಮ ಹಾಗೇ’ ಎಂದರು ಅಕ್ಕ.

ಮುಂದಿನ ಅಧ್ಯಾಯ ಕ್ಯಾಲಿಫೋರ್ನಿಯಾದ ಫುಲರ್ಟನ್ನಿನದು. ಅಲ್ಲಿ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟ ಲಿಯೊ ಫೆಂಡರ್ ಮುಂದೆ ಗಿಟಾರು, ಆಂಪ್ಲಿಫೈಯರುಗಳ ದೊಡ್ಡ ಕಾರ್ಖಾನೆ ಕಟ್ಟಿದರು. ಅವರಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಅದಕ್ಕೋ ಏನೋ, ಹೆಸರುಗಳು ಅದಲುಬದಲಾದವು. 1954ರ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನಲ್ಲಿ ಸ್ವರ ಓಲಾಡಿಸುವ ಹಿಡಿಗೆ ಟ್ರೆಮೊಲೊ ಎಂದರು. ಆಂಪ್ಲಿಫೈಯರಿನಲ್ಲಿ ದನಿ ನಡುಗಿಸುವ ಗುಂಡಿಗೆ ವೈಬ್ರಾಟೊ ಎಂದು ಅಚ್ಚು ಹಾಕಿದರು. ಗಿಟಾರಿನವರು ಈ ತಪ್ಪನ್ನು ಇಂದಿಗೂ ಹೊತ್ತುಕೊಂಡು ತಿರುಗುತ್ತಿದ್ದಾರೆ. 1960ರ ದಶಕದ ಅವರ ಆಂಪ್ಲಿಫೈಯರುಗಳಲ್ಲಿ ಒಂದು ಪುಟ್ಟ ಕಪ್ಪು ಕೊಳವೆ ಇತ್ತು. ಅದರೊಳಗೆ ಮಿನುಗುವ ನಿಯಾನ್ ದೀಪ, ಎದುರಿಗೆ ಬೆಳಕು ಬಿದ್ದಷ್ಟೂ ವಿದ್ಯುತ್ತಿಗೆ ದಾರಿ ಬಿಡುವ ರೆಸಿಸ್ಟರು. ದೀಪ ಹೊತ್ತಿದಾಗ ಸದ್ದು ಭೂಮಿಗೆ ಸೋರುತ್ತದೆ, ಆರಿದಾಗ ಮರಳುತ್ತದೆ.

ನಾವು ಮಾಡಿದ್ದೂ ಇದನ್ನೇ, ನಿಯಾನ್ ಬದಲು ಎಲ್‌ಇಡಿ ಹಾಕಿ. ಒಂಬತ್ತು ವೋಲ್ಟಿನ ಬ್ಯಾಟರಿ, ದೀಪ ಮಿನುಗಿಸಲು 555 ಎಂಬ ಐಸಿ, ವೇಗ ಹೆಚ್ಚುಕಡಿಮೆ ಮಾಡಲು ಒಂದು ತಿರುಪು, ತಗಡಿನ ಬಿಸ್ಕತ್ತು ಡಬ್ಬಿ. ತುಳಿದರೆ ತಗಡು ತಗ್ಗಾದೀತೆಂದು ಒಳಗೆ ಮರದ ತುಂಡು. ಎಲ್ಲ ಜೋಡಿಸಿ ಗಿಟಾರು ಮೀಟಿದರೆ ನಡುಕವೂ ಇಲ್ಲ, ಗುಡುಕವೂ ಇಲ್ಲ; ದನಿ ಕ್ಷೀಣವಾಗಿ ಬಂತು. ಒಂದು ಗಂಟೆ ಹೊತ್ತು ಬೆಸುಗೆಗಳನ್ನೆಲ್ಲ ಕೆದಕಿದೆವು. ಕೊನೆಗೆ ಅಕ್ಕ ಮೇಲಿನ ಟ್ಯೂಬ್‌ಲೈಟ್ ನೋಡಿದರು, ಸುಮ್ಮನೆ ತಮ್ಮ ಸೆರಗನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಮುಚ್ಚಿದರು. ಗಿಟಾರು ನಡುಗಿತು! ನಮ್ಮ ದೀಪ ಆರಿದರೂ ಕೋಣೆಯ ಬೆಳಕು ಆರಿರಲಿಲ್ಲ. ರೆಸಿಸ್ಟರಿಗೆ ಸದಾ ಹಗಲೇ. ಕಪ್ಪು ಟೇಪು ಸುತ್ತಿ ಅದಕ್ಕೂ ರಾತ್ರಿ ತಂದುಕೊಟ್ಟೆವು.

ಆಮೇಲೆ ಇನ್ನೊಂದು ಕಾಟ. ಮೀಟದೆ ಬಿಟ್ಟರೂ ಆಂಪ್ಲಿಫೈಯರಿನಲ್ಲಿ ಗಡಿಯಾರದಂತೆ ಟಿಕ್ ಟಿಕ್. ದೀಪ ಹೊತ್ತುವಾಗೊಮ್ಮೆ ಆರುವಾಗೊಮ್ಮೆ ಬ್ಯಾಟರಿಗೆ ಬೀಳುವ ಎಳೆತ ಸದ್ದಿನ ದಾರಿಗೂ ನುಗ್ಗುತ್ತಿತ್ತು. ಬ್ಯಾಟರಿಗೆ ಅಡ್ಡವಾಗಿ ಒಂದು ದೊಡ್ಡ ಕೆಪಾಸಿಟರ್ ಹಾಕಿ, ದೀಪದ ಕಡೆಯ ತಂತಿಯನ್ನು ಬೇರೆಯಾಗಿಯೇ ಬ್ಯಾಟರಿಯವರೆಗೆ ಎಳೆದ ಮೇಲೆ ಅದು ಅಡಗಿತು. ಆ ತಂತಿ ಬೆಸೆಯುವಾಗ ನನ್ನ ಬೆರಳು ಸುಟ್ಟಿತು. ನೀರಿನ ಕೆಳಗೆ ಹಿಡಿದು ಮತ್ತೆ ಬಂದು ಕೂತೆ.

ಸಂಜೆ ಕಾಫಿ ಕುಡಿಯುವಾಗ ಅಕ್ಕ ಕೇಳಿದರು: ‘ಆ ಕಾರ್ಖಾನೆಯಲ್ಲಿ ಇಷ್ಟು ಸಣ್ಣ ಬೆಸುಗೆಯನ್ನೆಲ್ಲ ಯಾರು ಹಾಕ್ತಿದ್ದರು ಟೀಚರೇ?’ ನಾನು ಓದಿಟ್ಟುಕೊಂಡದ್ದರಲ್ಲಿ ಉತ್ತರವಿತ್ತು. ಹೆಂಗಸರು. ಮೆಕ್ಸಿಕೊ ಮೂಲದವರು ಹಲವರು. ಆ ಕಾಲದ ಆಂಪ್ಲಿಫೈಯರನ್ನು ಇಂದು ಬಿಚ್ಚಿದವರಿಗೆ ಒಳಗೆ ಅಂಟಿಸಿದ ಕಾಗದದ ಟೇಪಿನ ಚೂರು ಸಿಗುವುದುಂಟು. ಅದರ ಮೇಲೆ ಕೈಬರಹದಲ್ಲಿ ಲಿಲಿ, ಲೂಪೆ ಎಂದೇನೋ ಒಂದು ಹೆಸರು. ಹೊರಗೆ ಫಳಫಳಿಸುವ ಅಕ್ಷರಗಳಲ್ಲಿ ಫೆಂಡರ್. ಒಳಗೆ ಮಾಸಿದ ಟೇಪಿನ ಮೇಲೆ ಲಿಲಿ.

ಅಬಿಗೇಲ್ ಇಬಾರಾ ಎಂಬಾಕೆ 1956ರಲ್ಲಿ ಆ ಕಾರ್ಖಾನೆ ಸೇರಿದರು. ಗಿಟಾರಿನ ತಂತಿಯ ಅದುರನ್ನು ವಿದ್ಯುತ್ತಾಗಿ ಮಾಡುವ ಪಿಕಪ್ಪಿಗೆ ಕೂದಲೆಳೆಯಂಥ ತಂತಿಯನ್ನು ಸಾವಿರಾರು ಸುತ್ತು ಸುತ್ತುವುದು ಆಕೆಯ ಕೆಲಸ. ನಿವೃತ್ತರಾದದ್ದು 2013ರಲ್ಲಿ. ಆಕೆಯ ಕೈಯಿಂದ ಬಂದ ಪಿಕಪ್ಪುಗಳನ್ನು ಹೆಸರು ಹಿಡಿದು ಹುಡುಕಿ ಕೊಳ್ಳುವ ಕಾಲವೂ ಬಂತು, ತಡವಾಗಿ. ಬೊ ಡಿಡ್ಲಿಯವರ ತಂಡದಲ್ಲಿ 1957ರಿಂದ ಪೆಗಿ ಜೋನ್ಸ್ ಎಂಬ ಹುಡುಗಿ ಗಿಟಾರು ನುಡಿಸುತ್ತಿದ್ದಳು. ಗಂಡಸರದೇ ಆಗಿದ್ದ ಆ ವಾದ್ಯವನ್ನು ಅಂಥ ತಂಡದಲ್ಲಿ ಹಿಡಿದ ಮೊದಲ ಕೆಲವೇ ಹೆಂಗಸರಲ್ಲಿ ಒಬ್ಬಳು. ಜನ ಆಕೆಯನ್ನು ಕರೆದದ್ದು ಲೇಡಿ ಬೊ ಎಂದು. ಹೆಸರಿನಲ್ಲೂ ಆತನದೇ ಪಾಲು.

ನಾವು ಮಕ್ಕಳಿಗೆ ಕೋಟೆ ಕಟ್ಟಿದ ರಾಜನ ಹೆಸರು ಕಲಿಸುತ್ತೇವೆ, ಕಲ್ಲು ಹೊತ್ತವರ ಹೆಸರು ಪುಸ್ತಕದಲ್ಲಿ ಇರುವುದಿಲ್ಲ. ಮೂವತ್ತು ವರ್ಷ ನಾನೂ ಹಾಗೆಯೇ ಪಾಠ ಮಾಡಿದ್ದೇನೆ. ಹೊಲಿಗೆಯ ಕೈಗೆ ಬೆಸುಗೆ ಬಾರದೆಂದು ನಮ್ಮ ಮೇಷ್ಟ್ರು ನಂಬಿದ್ದ ಹೊತ್ತಿನಲ್ಲಿ, ಲೋಕ ಕೊಂಡಾಡುತ್ತಿದ್ದ ಸದ್ದೆಲ್ಲ ಹೆಂಗಸರ ಬೆಸುಗೆಯಿಂದಲೇ ಹೊರಟು ಆಗಲೇ ಎಷ್ಟೋ ವರ್ಷವಾಗಿತ್ತು. ಆ ದಿನ ಇದು ನನಗೆ ಗೊತ್ತಿದ್ದರೆ, ತರಗತಿ ನಕ್ಕಾಗ ತಲೆ ತಗ್ಗಿಸುತ್ತಿರಲಿಲ್ಲವೇನೋ.

ಡಬ್ಬಿ ಮುಚ್ಚುವ ಮುನ್ನ ಅಕ್ಕ ಒಂದು ಚೂರು ಟೇಪು ಹರಿದು, ಪೆನ್ನು ನನ್ನ ಕೈಗೆ ಕೊಟ್ಟರು. ಇಬ್ಬರ ಹೆಸರನ್ನೂ ಬರೆದು ಒಳಗೆ ಅಂಟಿಸಿದೆ. ಈ ಸಲದ ವಸ್ತುಪ್ರದರ್ಶನಕ್ಕೆ ಎಂಟನೆಯ ತರಗತಿಯ ನಾಲ್ವರು ಹುಡುಗಿಯರು ಇದೇ ಡಬ್ಬಿ ಮಾಡುತ್ತಿದ್ದಾರೆ. ಹೆಸರನ್ನು ಒಳಗೆ ಬರೆಯಬೇಡಿ, ಮುಚ್ಚಳದ ಮೇಲೆಯೇ ಬರೆಯಿರಿ ಎಂದು ಹೇಳಿದ್ದೇನೆ.